ಹಸಿರಕ್ಕನ ರುಚಿಮೇಜು

ಹಸಿರಕ್ಕ ಒಂದು ದಿನಕ್ಕೆ ಆಡುವ ಮಾತನ್ನು ಯಾರಾದರೂ ತಕ್ಕಡಿಗೆ ಹಾಕಿದ್ದರೆ, ಆ ದೊಡ್ಡ ಅಂಗಡಿಯಲ್ಲಿ ಅವಳಷ್ಟು ಬಾಯಿಬಡುಕಿ ಇನ್ನೊಬ್ಬಳಿಲ್ಲ ಎಂದು ತೀರ್ಮಾನವಾಗುತ್ತಿತ್ತು. ಬೆಳಿಗ್ಗೆ ಶಟರ್ ಮೇಲೆ ಹೋದಾಗ ಶುರುವಾದ ಬಾಯಿ ಸಂಜೆ ಕೆಲಸ ಮುಗಿಯುವ ತನಕ ನಿಲ್ಲುತ್ತಿರಲಿಲ್ಲ. ಆದರೆ ಏನು ಬಂತು, ಅಷ್ಟೂ ಒಂದೇ ಮಾತು. ಅದೂ ಕಂಪನಿಯವರು ಬಾಯಿಪಾಠ ಮಾಡಿಸಿದ್ದು.

"ಬನ್ನಿ, ಒಂದು ಗುಟುಕು ರುಚಿ ನೋಡಿ! ಹಸಿರು ಚಹಾದ ಪುಡಿ. ಎಲೆ ನೆನೆಸಿ ಚೆಲ್ಲೋದಲ್ಲ, ಎಲೆಯನ್ನೇ ಕುಡಿಯೋದು. ಇದರಲ್ಲಿರೋ ಆಂಟಿಆಕ್ಸಿಡೆಂಟು ನಿಮ್ಮ ಮೈಗೆ ಕಾವಲುಗಾರ ಇದ್ದ ಹಾಗೆ!"

ಅವಳಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು. ಉಳಿದ ದಿನ ಹಸಿರು ಏಪ್ರನ್, ತಲೆಗೆ ಹಸಿರು ಟೋಪಿ, ಉಗುರಿನ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಹಸಿರು ಪುಡಿ. ಎದುರಿನ ಔಷಧಿ ಕೌಂಟರಿನವನು ಒಂದು ದಿನ ತಮಾಷೆಗೆ "ಹಸಿರಕ್ಕ" ಎಂದ. ಅಷ್ಟೇ, ಇಡೀ ಅಂಗಡಿಗೆ ಅವಳು ಹಸಿರಕ್ಕನಾದಳು. ಅಕ್ಕ ಎನ್ನುತ್ತಿದ್ದರೇ ಹೊರತು, ಊಟ ಆಯ್ತಾ ಅಕ್ಕ ಎಂದು ಕೇಳುವವರು ಯಾರೂ ಇರಲಿಲ್ಲ.

ಬಿಸ್ಕತ್ತಿನ ಸಾಲಿಗೂ ಸೋಪಿನ ಸಾಲಿಗೂ ನಡುವೆ ಅವಳ ರುಚಿಮೇಜು. ಅದರ ಮೇಲೆ ಒಂದು ಅಗಲ ಬಾಯಿಯ ಬೋಗುಣಿ, ಬಿದಿರಿನ ಪುಟ್ಟ ಕಡೆಗೋಲು, ಜರಡಿ, ಬಿಸಿನೀರಿನ ಫ್ಲಾಸ್ಕು, ಬೆರಳುದ್ದದ ಕಾಗದದ ಲೋಟಗಳು. ಪುಡಿಯನ್ನು ಜರಡಿ ಹಿಡಿಯಬೇಕು, ಇಲ್ಲದಿದ್ದರೆ ಗಂಟು ಕಟ್ಟುತ್ತದೆ. ನೀರು ಕುದಿಯುತ್ತಿರಬಾರದು, ಕುದಿದು ಒಂದಿಷ್ಟು ಹೊತ್ತು ತಣಿದಿರಬೇಕು, ಇಲ್ಲದಿದ್ದರೆ ಕಹಿ. ಆಮೇಲೆ ಕಡೆಗೋಲನ್ನು ಅತ್ತಿಂದಿತ್ತ ಸರಸರನೆ ಆಡಿಸಿದರೆ ಮೇಲೆ ನೊರೆ ಏಳುತ್ತದೆ. ಆ ನೊರೆ ಏಳುವ ಗಳಿಗೆ ಅವಳಿಗೆ ಪ್ರತಿಸಲವೂ ಇಷ್ಟವಾಗುತ್ತಿತ್ತು. ನೋಡುವವರು ಯಾರಾದರೂ ಇದ್ದಿದ್ದರೆ ಇನ್ನೂ ಇಷ್ಟವಾಗುತ್ತಿತ್ತು.

ಜನ ನಿಲ್ಲಲೆಂದು ಕಂಪನಿಯವರು ಒಂದು ಸೇಬಿನ ಆಟ ಕಲಿಸಿಕೊಟ್ಟಿದ್ದರು. ಸೇಬನ್ನು ಎರಡು ಹೋಳು ಮಾಡುವುದು. ಒಂದನ್ನು ಹಾಗೇ ಬಿಡುವುದು, ಇನ್ನೊಂದನ್ನು ಹಸಿರು ಚಹಾದಲ್ಲಿ ಅದ್ದುವುದು. ಹಾಗೇ ಬಿಟ್ಟ ಹೋಳು ಸ್ವಲ್ಪ ಹೊತ್ತಿಗೆ ಕಂದು ತಿರುಗುತ್ತದೆ, ಅದ್ದಿದ್ದು ಬೆಳ್ಳಗೇ ಇರುತ್ತದೆ. "ನೋಡಿ, ಗಾಳಿ ತಾಗಿ ಸೇಬು ಹೀಗಾಗುತ್ತೆ, ಕಬ್ಬಿಣ ತುಕ್ಕು ಹಿಡಿಯುತ್ತೆ. ನಮ್ಮ ಮೈಯೊಳಗೂ ಹೀಗೇ ಸವೆತ ನಡೀತಾ ಇರುತ್ತೆ. ಅದನ್ನ ತಡೆಯೋದೇ ಈ ಆಂಟಿಆಕ್ಸಿಡೆಂಟು." ಆ ಚಹಾದಲ್ಲಿ ನಾಲ್ಕು ಹನಿ ನಿಂಬೆರಸವೂ ಬಿದ್ದಿರುತ್ತಿತ್ತು ಎನ್ನುವುದನ್ನು ಹೇಳಬೇಕಾಗಿರಲಿಲ್ಲ. ಹಾಗೆಂದು ಎಲ್ಲವೂ ಬೊಗಳೆಯಲ್ಲ. ಆ ಪುಡಿಯಲ್ಲಿ ಅಂಥ ಅಂಶಗಳು ತುಂಬ ಇರುವುದು ನಿಜ, ಹೃದಯಕ್ಕೆ ಒಳ್ಳೆಯದಿರಬಹುದು ಎನ್ನುವವರೂ ಇದ್ದಾರೆ. ಆದರೆ "ಇರಬಹುದು" ಎನ್ನುವ ಪದ ಹಾಕಿದರೆ ಪೊಟ್ಟಣ ಮಾರಾಟವಾಗುವುದಿಲ್ಲ ನೋಡಿ, ಆದ್ದರಿಂದ ಅದನ್ನು ಬಾಯಿಪಾಠದಿಂದ ಕಿತ್ತು ಹಾಕಿದ್ದರು.

ಜನರಾದರೂ ಎಂಥವರು! ಪುಕ್ಕಟೆ ಸಿಕ್ಕಿತೆಂದು ಲೋಟಕ್ಕೆ ಕೈಹಾಕುವರು, ಗುಟುಕರಿಸುವರು, ಮುಖ ಸಿಂಡರಿಸುವರು, "ಆಮೇಲೆ ಬರ್ತೀವಿ" ಎಂದು ಕಾಲು ಕೀಳುವರು. ಆಮೇಲೆ ಎನ್ನುವುದು ಯಾವತ್ತೂ ಬರುತ್ತಿರಲಿಲ್ಲ. ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದವರು ಕಡಿಮೆ. ಲೋಟ ಮೇಜಿನ ಮೇಲೆ ತಾನಾಗಿ ಹುಟ್ಟಿಕೊಂಡಿತೇನೋ ಎಂಬಂತೆ ಎತ್ತಿಕೊಂಡು ಹೋಗುತ್ತಿದ್ದರು.

ಸಂಜೆ ಅವಳು ಆ ಕಂದಿದ ಸೇಬುಗಳನ್ನು ಡಬ್ಬಿಗೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದಳು. ಮನೆಯೆಂದರೆ ಚಾವಿ ಮಾಡುವವನ ಅಂಗಡಿಯ ಮೇಲಿನ ಒಂದು ಕೋಣೆ, ಒಂದು ಅಡುಗೆಮೂಲೆ. ಎಷ್ಟೋ ರಾತ್ರಿ ಆ ಸೇಬೇ ಅವಳ ಊಟ. ಮೊದಲು ಅಮ್ಮ ಇದ್ದಳು. ಹಾಸಿಗೆ ಹಿಡಿದ ಅಮ್ಮ ದಿನವಿಡೀ ಗೊಣಗುತ್ತಿದ್ದಳು, ಉಪ್ಪು ಜಾಸ್ತಿ, ಗಾಳಿ ಕಡಿಮೆ, ನಿನಗೆ ಮದುವೆ ಆಗಲಿಲ್ಲ, ಕಿಟಕಿ ಹಾಕು, ಕಿಟಕಿ ತೆಗೆ. ಆಗ ಹಸಿರಕ್ಕ ಸಿನಿಮಾ ಟಾಕೀಸಿನ ಟಿಕೆಟ್ ಕಿಂಡಿಯಲ್ಲಿ ಕೂರುತ್ತಿದ್ದಳು. ಅಲ್ಲಿಯೂ ಅಷ್ಟೇ, ಕಿಂಡಿಯಿಂದ ಕಾಣುತ್ತಿದ್ದುದು ಬರೀ ಕೈಗಳು. ಟಾಕೀಸು ಮುಚ್ಚಿತು, ಅಮ್ಮ ತೀರಿಕೊಂಡಳು. ಒಮ್ಮೆಯಾದರೂ ಈ ಗೊಣಗಾಟ ನಿಲ್ಲಬಾರದೇ ಎಂದುಕೊಂಡಿದ್ದವಳಿಗೆ ಈಗ ಮನೆಯಲ್ಲಿ ದನಿ ಎಂದರೆ ಫ್ರಿಜ್ಜಿನದು ಒಂದೇ. ಅದು ಗುರ್ ಎಂದು ಶುರುವಾದಾಗ ಒಂದೊಂದು ಸಲ "ಏನಮ್ಮಾ?" ಎಂದು ತಿರುಗಿಬಿಡುತ್ತಿದ್ದಳು.

ಹೀಗಿದ್ದಾಗ ಒಂದು ಮಧ್ಯಾಹ್ನ ಟೆಲಿಫೋನ್ ಅಮ್ಮ ಬಂದರು.

ಬಿಳಿ ಕೂದಲು, ನೆಟ್ಟಗಿನ ಬೆನ್ನು, ಕೈಯಲ್ಲಿ ಬಟ್ಟೆಚೀಲ. ಹಸಿರಕ್ಕ ತನ್ನ ಬಾಯಿಪಾಠ ಒಪ್ಪಿಸಿದಳು. ಮುದುಕಿ ಮಧ್ಯೆ ಬಾಯಿ ಹಾಕದೆ, ಆಚೀಚೆ ನೋಡದೆ, ಕೊನೆಯ ತನಕ ಕೇಳಿಸಿಕೊಂಡರು. ಹಾಗೆ ಯಾರೂ ಕೇಳಿಸಿಕೊಂಡಿರಲಿಲ್ಲವಾದ್ದರಿಂದ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಹಸಿರಕ್ಕ ತೊದಲಿದಳು.

"ಉಸಿರು ತಗೋಳೆ ತಾಯಿ," ಎಂದರು ಮುದುಕಿ. "ಹೇಳಿದ್ದನ್ನೇ ಹೇಳೋ ಕೆಲಸ ಏನು ಅಂತ ನಂಗೆ ಗೊತ್ತು. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಯಾರು ಬೇಕಾಗಿತ್ತು, ಲೈನಲ್ಲೇ ಇರಿ, ಮಾತಾಡಿ. ಜೀವಮಾನ ಪೂರ್ತಿ ಇಷ್ಟೇ ಹೇಳಿದ್ದು. ಊರಿಗೆಲ್ಲ ಲೈನ್ ಕೊಟ್ಟೆ, ನನಗೇ ಅಂತ ಒಂದು ಕಾಲ್ ಬರ್ಲಿಲ್ಲ."

ಹಸಿರಕ್ಕ ನಕ್ಕಳು. ಅಂಗಡಿಯಲ್ಲಿ ನಕ್ಕು ಎಷ್ಟು ಕಾಲವಾಗಿತ್ತೋ.

"ಕೂತ್ಕೊಳಿ ಅಮ್ಮ," ಎಂದು ಮೇಜಿನ ಕೆಳಗಿದ್ದ ಸ್ಟೂಲು ಎಳೆದು ಕೊಟ್ಟಳು. ಸ್ಟೂಲು ಅವಳಿಗೆಂದೇ ಕೊಟ್ಟಿದ್ದು, ಆದರೆ ಕೂರಬಾರದೆಂದು ಅಪ್ಪಣೆ. ಮುದುಕಿ ಕೂತು, ಸಣ್ಣ ಲೋಟ ಬೇಡವೆಂದು ಬೋಗುಣಿಯನ್ನೇ ಎರಡೂ ಕೈಯಲ್ಲಿ ಹಿಡಿದು ಕೊನೆಯ ಹನಿವರೆಗೂ ಕುಡಿದರು. ಬಾಯಿ ಒರೆಸಿಕೊಂಡು, "ಹುಲ್ಲು ನೆನೆಸಿದ ನೀರು ಕುಡಿದ ಹಾಗಿದೆ. ನಾಳೆ ಬರ್ತೀನಿ," ಎಂದರು.

ಬಂದರು. ಅದರ ಮರುದಿನವೂ ಬಂದರು. ಊಟ ಮುಗಿಸಿ, ಅಂಗಡಿ ಖಾಲಿ ಹೊಡೆಯುವ ಹೊತ್ತಿಗೆ ಸರಿಯಾಗಿ ಬಟ್ಟೆಚೀಲ ಕಾಣಿಸಿಕೊಳ್ಳುತ್ತಿತ್ತು. ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿಲ್ಲ. ದೂರದ ಊರಲ್ಲಿ ಅಣ್ಣನ ಮಗಳೊಬ್ಬಳಿದ್ದಳು. ಟೆಲಿಫೋನ್ ಅಮ್ಮ ಹಳೆಯ ಎಕ್ಸ್‌ಚೇಂಜಿನ ಕತೆ ಬಿಚ್ಚುತ್ತಿದ್ದರು. ಲೈನಿನಲ್ಲಿ ಜಗಳವಾಡಿದ ಗಂಡ ಹೆಂಡಿರು, ಮಾತೇ ಆಡದೆ ಬರೀ ಅತ್ತು ದುಡ್ಡು ಕಟ್ಟಿದ ಒಬ್ಬ ಗಂಡಸು. ತಮ್ಮ ಮನೆಯ ನಂಬರನ್ನಂತೂ ಹೆಮ್ಮೆಯಿಂದ ಹೇಳುತ್ತಿದ್ದರು. "ಎಂಥಾ ಸುಲಭ ಗೊತ್ತಾ? ಒಂದ್ಸಲ ಕೇಳಿದ್ರೆ ಸಾಯೋ ತನಕ ಮರೆಯಲ್ಲ. ನಾನೇ ಆರಿಸ್ಕೊಂಡಿದ್ದು." ಹಸಿರಕ್ಕನಿಗೂ ಅದು ಬಾಯಿಪಾಠವಾಗಿತ್ತು. ದಿನಾ ಬರುವವರಿಗೆ ಫೋನೇಕೆ ಮಾಡಬೇಕೆಂದು ಮಾಡಿರಲಿಲ್ಲ, ಅಷ್ಟೇ.

ಹಸಿರಕ್ಕನ ದಿನ ಈಗ ಎರಡು ಭಾಗವಾಯಿತು. ಅಮ್ಮ ಬರುವ ಮುಂಚೆ, ಅಮ್ಮ ಹೋದ ಮೇಲೆ. ಕಂಡ ಸುದ್ದಿಯನ್ನೆಲ್ಲ ಆ ಹೊತ್ತಿಗೆಂದು ಎತ್ತಿಟ್ಟುಕೊಳ್ಳುತ್ತಿದ್ದಳು. ಚಾವಿಯವನ ಬೆಕ್ಕು ಮರಿ ಹಾಕಿದ್ದನ್ನು ಹೇಳಲು ಅವಳಿಗೆ ಬೇರೆ ಯಾರಿದ್ದರು?

ಕಾಲ ಸರಿದ ಹಾಗೆ ಟೆಲಿಫೋನ್ ಅಮ್ಮನ ಮುಖ ಬಿಳಿಚಿಕೊಳ್ಳತೊಡಗಿತು. ಬಾಗಿಲಿಂದ ಸ್ಟೂಲಿನ ತನಕ ಬರುವಷ್ಟರಲ್ಲಿ ಏದುಸಿರು. ಡಾಕ್ಟರು ರಕ್ತ ಕಡಿಮೆಯಾಗಿದೆಯೆಂದು ಕಬ್ಬಿಣದ ಮಾತ್ರೆ ಬರೆದರು, ಊಟದ ಮೇಲೆ ನುಂಗಬೇಕಂತೆ.

"ನಿನ್ನ ಚಹಾ ಜೊತೆಗೇ ನುಂಗಬಹುದೇನೇ?" ಎಂದು ಅಮ್ಮ ಕೇಳಿದರು.

ಗೊತ್ತಿಲ್ಲ ಎನ್ನಬಹುದಿತ್ತು. ಎದುರಿಗೇ ಔಷಧಿ ಕೌಂಟರಿತ್ತು, ಒಂದು ಮಾತು ವಿಚಾರಿಸಬಹುದಿತ್ತು. ಆದರೆ ಒಂದೇ ಮಾತನ್ನು ದಿನವಿಡೀ ಹೇಳುವವರಿಗೆ ಒಂದು ಕಷ್ಟವಿದೆ, ಕೊನೆಗೆ ಅದನ್ನು ಎಲ್ಲರಿಗಿಂತ ಹೆಚ್ಚು ತಾವೇ ನಂಬಿಬಿಡುತ್ತಾರೆ. "ಅಯ್ಯೋ, ಧಾರಾಳವಾಗಿ! ಎರಡೂ ಒಳ್ಳೇದೇ, ಕೂಡಿದ್ರೆ ಇನ್ನೂ ಒಳ್ಳೇದು," ಎಂದಳು ಹಸಿರಕ್ಕ. ಅಂದಿನಿಂದ ಮಾತ್ರೆ ಹಸಿರು ಚಹಾದ ಜೊತೆಯಲ್ಲೇ ಒಳಗೆ ಹೋಗತೊಡಗಿತು.

ಅಷ್ಟಕ್ಕೇ ನಿಲ್ಲಲಿಲ್ಲ. ಅಮ್ಮ ಬಿಳಿಚಿಕೊಂಡಷ್ಟೂ ಅವಳು ಬೋಗುಣಿಗೆ ಪುಡಿ ಹೆಚ್ಚಿಸಿದಳು. ಒಂದು ಚಮಚದ ಜಾಗಕ್ಕೆ ಎರಡು. ಸೂಪರ್‌ವೈಸರ್ ನೋಡಿದರೆ ಬೈಸಿಕೊಳ್ಳಬೇಕೆಂದು ಬೆನ್ನು ತಿರುಗಿಸಿ ಹಾಕುತ್ತಿದ್ದಳು. ಪಾಯಸದಂತೆ ಗಟ್ಟಿಯಾದ ಚಹಾವನ್ನು ಅಮ್ಮ ಕಣ್ಣು ಮುಚ್ಚಿ ಕುಡಿಯುತ್ತಿದ್ದರೆ, ಇವಳಿಗೆ ಹೊಟ್ಟೆ ತಣ್ಣಗಾಗುತ್ತಿತ್ತು. ತನ್ನ ಕೈಯಾರೆ ಒಬ್ಬರಿಗೆ ಒಳ್ಳೆಯದಾಗುತ್ತಿದೆ ಎಂಬ ಸಂತೋಷವನ್ನು ಅವಳು ಅಷ್ಟು ವರ್ಷಗಳಲ್ಲಿ ಕಂಡಿರಲಿಲ್ಲ.

ಒಂದು ದಿನ ಅಮ್ಮ ಬಂದವರೇ ಸ್ಟೂಲಿನ ಮೇಲೆ ಕುಸಿದು ಕೂತರು.

"ಏನಾಯ್ತಮ್ಮ?"

"ರಕ್ತ ಒಂದಿಷ್ಟೂ ಏರಿಲ್ಲವಂತೆ. ಡಾಕ್ಟ್ರು ತಲೆ ಕೆರ್ಕೊಂಡ್ರು. ಬೇರೆ ಪರೀಕ್ಷೆ ಎಲ್ಲಾ ಸರಿಯಾಗಿದೆ, ಮಾತ್ರೆ ಯಾಕೆ ಮೈಗೆ ಹತ್ತುತ್ತಿಲ್ಲ ಅಂತಾರೆ. ನಮ್ಮಣ್ಣನ ಮಗಳು ಹಟ ಹಿಡಿದಿದಾಳೆ. ಮುಂದಿನ ತಿಂಗಳ ಪರೀಕ್ಷೇಲೂ ಹೀಗೇ ಇದ್ರೆ ಮನೆಗೆ ಬೀಗ ಹಾಕಿ ತನ್ನೂರಿಗೆ ಕರ್ಕೊಂಡು ಹೋಗ್ತಾಳಂತೆ."

ಅಮ್ಮ ಹೊರಟ ಕೂಡಲೇ ಹಸಿರಕ್ಕ ಓಡಿ ಹೋಗಿ ಔಷಧಿಯವನನ್ನು ಹಿಡಿದಳು. "ಇದಕ್ಕಿಂತ ಜೋರಾಗಿರೋ ಕಬ್ಬಿಣದ ಮಾತ್ರೆ ಇದೆಯೇನಪ್ಪ?"

"ಇರೋದೇ ಸಾಕಲ್ಲ. ಯಾವುದರ ಜೊತೆ ತಗೋತಾರೆ?"

"ಇನ್ಯಾವುದರ ಜೊತೆ, ನನ್ನ ಚಹಾ ಜೊತೆ! ಗಟ್ಟಿಯಾಗೇ ಮಾಡಿ ಕೊಡ್ತೀನಿ."

ಅವನು ಹಣೆ ಚಚ್ಚಿಕೊಂಡ. "ಅಕ್ಕಾ, ಎಂಥ ಕೆಲಸ ಮಾಡಿದ್ರಿ! ಚಹಾದಲ್ಲಿರೋ ಅಂಶ ಕಬ್ಬಿಣಾನ ಹೊಟ್ಟೆಯಲ್ಲೇ ಹಿಡ್ಕೊಂಡ್ಬಿಡುತ್ತೆ. ರಕ್ತಕ್ಕೆ ಸೇರೋಕೇ ಬಿಡಲ್ಲ."

"ಯಾವ ಅಂಶ?"

"ಅದೇ, ನೀವು ದಿನಾ ಕೂಗ್ತೀರಲ್ಲ, ಆ ಕಾವಲುಗಾರರು. ಬೇರೆಯವರು ಹೊತ್ತು ಬಿಟ್ಟು ಕುಡಿದ್ರೆ ಏನೂ ತೊಂದ್ರೆಯಿಲ್ಲ. ಈ ಅಮ್ಮನಿಗೆ ಮಾತ್ರ, ರಕ್ತ ಸರಿ ಹೋಗೋ ತನಕ ಚಹಾನೇ ಬೇಡ."

ಹಸಿರಕ್ಕ ಮೇಜಿಗೆ ಮರಳಿ ಬೋಗುಣಿಯನ್ನು ನೋಡುತ್ತ ನಿಂತಳು. ಅವಳ ಕಾವಲುಗಾರ ಕಳ್ಳನನ್ನೂ ಒಳಗೆ ಬಿಡುವುದಿಲ್ಲ, ಬಾಗಿಲಿಗೆ ಬಂದ ನೆಂಟನನ್ನೂ ಬಿಡುವುದಿಲ್ಲ. ಕೈಯಾರೆ, ಎರಡೆರಡು ಚಮಚ! ಆ ಸಂಜೆ ಬಸ್ಸಿನಲ್ಲಿ ಅವಳಿಗೆ ಅಳು ಬಂತು. ಅಮ್ಮನಿಗೆ ಹೀಗೆ ಮಾಡಿದೆನಲ್ಲ ಎಂದು ಅರ್ಧ ಅಳು. ಉಳಿದರ್ಧ ಯಾವುದಕ್ಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೇಳದಿದ್ದರೆ ಅಣ್ಣನ ಮಗಳು ಕರೆದೊಯ್ಯುತ್ತಾಳೆ. ಹೇಳಿದರೆ ಅಮ್ಮ ಚಹಾಕ್ಕೆ ಬರುವುದಿಲ್ಲ. ಚಹಾ ಇಲ್ಲದ ಮೇಲೆ ಒಬ್ಬ ಮಾರಾಟದವಳ ಬಳಿ ಯಾರು ಬಂದು ಕೂರುತ್ತಾರೆ?

ಮರುದಿನ ಅಮ್ಮ ಬಂದು ಮಾತ್ರೆಯನ್ನು ಅಂಗೈ ಮೇಲಿಟ್ಟುಕೊಂಡು ಬೋಗುಣಿಗೆ ಕೈ ಚಾಚಿದರು. ಹಸಿರಕ್ಕ ಬೋಗುಣಿಯನ್ನು ಹಿಂದಕ್ಕೆ ಎಳೆದುಕೊಂಡಳು.

"ಬೇಡಮ್ಮ. ಇನ್ಮೇಲೆ ಇದನ್ನ ನೀವು ಕುಡೀಬಾರ್ದು. ಇದರಿಂದಾನೇ ಮಾತ್ರೆ ಹತ್ತುತ್ತಿಲ್ಲವಂತೆ. ನಾನೇ ಗೊತ್ತಿಲ್ದೆ ಕೂಡಿ ಕುಡೀರಿ ಅಂದುಬಿಟ್ಟೆ. ತಪ್ಪಾಯ್ತು."

ಸೋಪಿನ ಸಾಲಿನಲ್ಲಿ ಯಾರೋ ಡಬ್ಬಿ ಬೀಳಿಸಿದರು. ಟೆಲಿಫೋನ್ ಅಮ್ಮ ಮಾತ್ರೆಯನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಹಾಗಾದ್ರೆ ಬರೋದು ಬೇಡ ಅನ್ನು," ಎಂದರು.

ಅಯ್ಯೋ, ಆಗಲೇ ಬಾಯಿ ಬಿಡಬೇಕಿತ್ತು. "ಚಹಾ ಹಾಳಾಗಿ ಹೋಗ್ಲಿ, ನೀವು ಬನ್ನಿ" ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಬಾಯಿಪಾಠದಲ್ಲಿ ಇಲ್ಲದ ಮಾತು ಅವಳಿಗೆ ಗಂಟಲಿಂದ ಮೇಲೆ ಬರಲಿಲ್ಲ. ಅಷ್ಟರಲ್ಲಿ ಗಂಡ ಹೆಂಡತಿ ಇಬ್ಬರು ಬಂದು ಲೋಟಕ್ಕೆ ಕೈಹಾಕಿದರು. ಅಭ್ಯಾಸಬಲದಿಂದ "ಬನ್ನಿ, ಒಂದು ಗುಟುಕು ರುಚಿ ನೋಡಿ" ಎಂದು ಆ ಕಡೆ ತಿರುಗಿದಳು. ಮತ್ತೆ ಈ ಕಡೆ ತಿರುಗಿದಾಗ ಸ್ಟೂಲು ಖಾಲಿ.

ಮರುದಿನ ಟೆಲಿಫೋನ್ ಅಮ್ಮ ಬರಲಿಲ್ಲ. ಆ ವಾರವಿಡೀ ಬರಲಿಲ್ಲ. ಮುಂದಿನ ವಾರವೂ ಇಲ್ಲ. ಮಧ್ಯಾಹ್ನವಾದರೆ ಹಸಿರಕ್ಕನ ಕಣ್ಣು ಬಾಗಿಲಿಗೇ ನೆಡುತ್ತಿತ್ತು. ಬಟ್ಟೆಚೀಲ ಹಿಡಿದ ಯಾರು ಕಂಡರೂ ಕತ್ತು ಉದ್ದ ಮಾಡುತ್ತಿದ್ದಳು. ಸೂಪರ್‌ವೈಸರ್ ಬಂದು, "ಏನ್ರೀ, ದನಿ ಸತ್ತು ಹೋಗಿದೆ? ಕಾವಲುಗಾರ ಅನ್ನುವಾಗ ಒಂದು ಜೋಶ್ ಇರ್ಬೇಕು" ಎಂದು ರೇಗಿದ. ಅವನಿಗೇನು ಗೊತ್ತು ಮಣ್ಣು! ಅವಳು ಆ ಪದ ಬಂದಾಗಲೆಲ್ಲ ನುಂಗಿಕೊಳ್ಳುತ್ತಿದ್ದಳು. ಒಂದು ಬದಲಾವಣೆಯನ್ನು ಮಾತ್ರ ಅವನು ಇಲ್ಲದಾಗ ಮಾಡಿಕೊಂಡಿದ್ದಳು. ಲೋಟ ಕೊಡುವ ಮುಂಚೆ "ಕಬ್ಬಿಣದ ಮಾತ್ರೆ ತಗೋತೀರಾ?" ಎಂದು ಎಲ್ಲರನ್ನೂ ಕೇಳುವುದು. ಜನ ಇವಳಿಗೇನಾಗಿದೆ ಎಂಬಂತೆ ನೋಡಿ ಹೋಗುತ್ತಿದ್ದರು. ಪರವಾಗಿಲ್ಲ, ಅಂತೂ ನೋಡುತ್ತಿದ್ದರು.

ರಕ್ತ ಏರಿತೋ ಇಲ್ಲವೋ, ಅಣ್ಣನ ಮಗಳು ಕರೆದೊಯ್ದಳೋ ಏನೋ, ಕೇಳುವುದು ಯಾರನ್ನು? ಮನೆ ಯಾವ ಬೀದಿಯಲ್ಲಿದೆಯೆಂದೂ ಗೊತ್ತಿರಲಿಲ್ಲ. ಗೊತ್ತಿದ್ದುದು ಆ ನಂಬರ್ ಒಂದೇ. ಎಷ್ಟೋ ಸಲ ಫೋನು ಕೈಗೆತ್ತಿಕೊಂಡು ಇಟ್ಟಳು. ಏನೆಂದು ಹೇಳುವುದು? ನಾನು, ನಿಮಗೆ ವಿಷ ಕುಡಿಸಿದವಳು ಎಂದೇ? ಹಾಗೆ ಮೀನಮೇಷ ಎಣಿಸುತ್ತ ತಿಂಗಳೇ ಕಳೆಯಿತು.

ವಾರದ ರಜೆಯ ದಿನ, ಮಧ್ಯಾಹ್ನ, ಅಮ್ಮ ಅಂಗಡಿಗೆ ಬರುತ್ತಿದ್ದ ಹೊತ್ತಿಗೇ, ಅವಳು ಮಂಚದ ತುದಿಯಲ್ಲಿ ಕೂತು ನಂಬರ್ ಒತ್ತಿದಳು. ಕೆಳಗೆ ಚಾವಿಯವನು ಅರ ಉಜ್ಜುವ ಸದ್ದು. ಫೋನು ಹೊಡೆದುಕೊಂಡಿತು, ಹೊಡೆದುಕೊಂಡೇ ಇತ್ತು. ಬೀಗ ಹಾಕಿಕೊಂಡು ಹೋಗಿಯೇ ಬಿಟ್ಟರು ಎಂದುಕೊಳ್ಳುವಷ್ಟರಲ್ಲಿ ಯಾರೋ ಎತ್ತಿದರು.

"ಹಲೋ?"

ಅದೇ ದನಿ. ಹಸಿರಕ್ಕ ಮಾತಿಗೆ ತಡಕಾಡಿದಳು, ಒಂದೂ ಸಿಗಲಿಲ್ಲ. ಕೊನೆಗೆ ನಾಲಿಗೆಗೆ ಬಂದದ್ದು ಅದಕ್ಕೆ ಗೊತ್ತಿದ್ದ ಒಂದೇ ಸಾಲು.

"ಬನ್ನಿ, ಒಂದು ಗುಟುಕು ರುಚಿ ನೋಡಿ..."

ತಕ್ಷಣ ನಾಲಿಗೆ ಕಚ್ಚಿಕೊಂಡಳು. ಆ ಕಡೆಯಿಂದ, ಜೀವಮಾನ ಪೂರ್ತಿ ಹೇಳಿದ ದನಿಯಲ್ಲಿ, ನಿಧಾನವಾಗಿ:

"ಯಾರು ಬೇಕಾಗಿತ್ತು?"

"ನೀವು," ಎಂದಳು ಹಸಿರಕ್ಕ. ಕಣ್ಣೀರು ಕೆನ್ನೆಗಿಳಿಯಿತು. "ನೀವೇ ಬೇಕಾಗಿತ್ತು ಅಮ್ಮ. ಚಹಾ ಕುಡೀಬೇಡಿ. ಸುಮ್ನೆ ಬಂದು ಕೂತ್ಕೊಳಿ. ನಂಗೆ ಮಾತಾಡೋಕೆ ಯಾರೂ ಇಲ್ಲ."

"ಪೆದ್ದಿ," ಎಂದರು ಟೆಲಿಫೋನ್ ಅಮ್ಮ. "ನಿನ್ನ ಹುಲ್ಲುನೀರು ನಂಗೆ ಒಂದು ದಿನಾನೂ ಸೇರ್ಲಿಲ್ಲ ಕಣೆ."

"ಮತ್ತೆ ದಿನಾ ಕುಡಿತಿದ್ರಲ್ಲ?"

"ಕುಡೀದೆ ಇದ್ದಿದ್ರೆ ಸ್ಟೂಲ್ ಕೊಡ್ತಿದ್ದೆಯಾ?"

ಹಸಿರಕ್ಕ ಅಂಗೈಯಿಂದ ಕೆನ್ನೆ ಒರೆಸಿಕೊಂಡಳು.

"ರಕ್ತ ಏರಿದೆ," ಎಂದರು ಅಮ್ಮ. "ಡಾಕ್ಟ್ರಿಗೆ ಖುಷಿಯೋ ಖುಷಿ. ಆದ್ರೂ ನಮ್ಮಣ್ಣನ ಮಗಳು ಬಂದಿದಾಳೆ, ಪೆಟ್ಟಿಗೆ ಕಟ್ತಾ ಇದಾಳೆ. ಈ ಭಾನುವಾರ ಹೊರಡೋದು. ನಾನೇ ಹೂಂ ಅಂದುಬಿಟ್ಟೆ. ಇಲ್ಲಿ ನಂಗ್ಯಾರಿದಾರೆ ಅಂತ."

"ನಾನಿದೀನಲ್ಲ."

ಹೇಳಿದ ಮೇಲೆ ಅವಳಿಗೇ ಹೆದರಿಕೆಯಾಯಿತು. ಲೈನು ಕಡಿದೇ ಹೋಯಿತೇನೋ ಎಂದುಕೊಂಡಳು.

"ಅಮ್ಮಾ? ಇದೀರಾ?"

"ಲೈನಲ್ಲೇ ಇರು," ಎಂದರು ಟೆಲಿಫೋನ್ ಅಮ್ಮ. "ಇಡಬೇಡ." ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದು. ಚಪ್ಪಲಿಯಿಲ್ಲದ ಹೆಜ್ಜೆಗಳು ದೂರ ಹೋದವು. ಆಮೇಲೆ ಒಳಕೋಣೆಯಿಂದ ಸಣ್ಣದಾಗಿ, ಆದರೆ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು:

"ಏ ಹುಡುಗಿ, ನನ್ನ ಚಪ್ಪಲೀನೂ ಪೆಟ್ಟಿಗೆಗೆ ತುಂಬಿದೀಯಲ್ಲ, ತೆಗಿ ಹೊರಗೆ. ನಾಳೆ ಮಧ್ಯಾಹ್ನ ನಾನು ಅಂಗಡಿಗೆ ಹೋಗ್ಬೇಕು. ನಂಗೆ ಒಂದು ಕಡೆಯಿಂದ ಕಾಲ್ ಬಂದಿದೆ."

ಹಸಿರಕ್ಕ ಫೋನನ್ನು ಕಿವಿಗೆ ಒತ್ತಿಕೊಂಡು ಕೂತಿದ್ದಳು.